ಬಗ್ಗಲಾಗದವರಿಗೊಂದು ತೋಟ

ವೃದ್ಧಾಶ್ರಮದ ತೋಟವೆಂದರೆ ಹೆಚ್ಚಿನ ಕಡೆ ಕಾಣುವುದು ಇಷ್ಟು: ಗೇಟಿನ ಬಳಿ ನಾಲ್ಕು ಕ್ರೋಟನ್, ನಡುವೆ ಹುಲ್ಲುಹಾಸು, ಅದರ ಮೇಲೆ ನಡೆಯಬೇಡಿ ಎಂಬ ಬೋರ್ಡು, ದಾನಿಗಳ ಹೆಸರು ಕೆತ್ತಿದ ಸಿಮೆಂಟು ಬೆಂಚು. ನೋಡಲು ಬಂದವರಿಗೆ ಚೆಂದ. ಒಳಗೆ ಇರುವವರಿಗೆ ಇದರಿಂದ ಏನು ಉಪಯೋಗ? ಬೆಂಚಿಗೆ ಕೈ ಇಲ್ಲ, ಕೂತರೆ ಏಳಲಾಗದು. ಹನ್ನೊಂದು ಗಂಟೆಗೆ ಮುಟ್ಟಲಾಗದಷ್ಟು ಬಿಸಿ. ದಾರಿಗೆ ಹಾಸಿದ ನುಣುಪು ಟೈಲ್ಸು ಮಳೆ ಬಿದ್ದರೆ ಜಾರುಬಂಡೆ. ಹಾಗಾಗಿ ತೋಟ ಹೊರಗೆ, ಮುದುಕರು ಒಳಗೆ.

ಇದು ನಮ್ಮಂಥ ಕೃಷಿಕರ ಪತ್ರಿಕೆಯಲ್ಲಿ ಯಾಕೆ ಎಂದು ಕೇಳಬಹುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ. ಅವರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಹಳ್ಳಿಯವರು. ಅಂದರೆ ನಮ್ಮವರೇ. 2007ರ ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯಲ್ಲಿ, ಜಿಲ್ಲೆಗೆ ಒಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮಗಳನ್ನು ಸರಕಾರ ಸ್ಥಾಪಿಸಬಹುದು ಎಂದಿದೆ. ಖಾಸಗಿಯವು ಬೇರೆ. ಮಕ್ಕಳು ಊರು ಬಿಟ್ಟು, ಜಾಗ ಪಾಲಾಗಿ, ಕಟ್ಟಕಡೆಗೆ ಇಂಥಲ್ಲಿಗೆ ಬರುವವರಲ್ಲಿ ಜೀವಮಾನವಿಡೀ ಮಣ್ಣಿನಲ್ಲಿ ಕೈಯಾಡಿಸಿದವರು ಬೇಕಾದಷ್ಟಿದ್ದಾರೆ. ಅವರಿಗೆ ಅಲ್ಲಿ ಊಟ ಸಿಗುತ್ತದೆ, ಔಷಧಿ ಸಿಗುತ್ತದೆ. ಕೈಗೆ ಮಾತ್ರ ಕೆಲಸವಿಲ್ಲ.

ನಾನು ಎರಡೂವರೆ ಎಕರೆಯ ಅಡಿಕೆ, ಕಾಳುಮೆಣಸಿನ ಕೃಷಿಕ. ನಮ್ಮ ತಾಲೂಕಿನ ಒಂದು ವೃದ್ಧಾಶ್ರಮದ 30 ಸೆಂಟ್ಸ್ ಜಾಗದಲ್ಲಿ ಆರು ವರ್ಷಗಳಿಂದ ತೋಟ ಮಾಡಿಸುತ್ತಿದ್ದೇನೆ. ಅಲ್ಲಿ ಕಂಡದ್ದು, ಓದಿ ತಿಳಿದದ್ದು, ವೈದ್ಯರಲ್ಲಿ ಕೇಳಿದ್ದು ಸೇರಿಸಿ ಇದನ್ನು ಬರೆದಿದ್ದೇನೆ. ಆಶ್ರಮಕ್ಕಲ್ಲದಿದ್ದರೂ ಮನೆಯಲ್ಲಿ ವಯಸ್ಸಾದವರಿದ್ದರೆ ಇದರಲ್ಲಿ ಮುಕ್ಕಾಲು ಪಾಲು ನಿಮ್ಮ ಅಂಗಳಕ್ಕೂ ಹೊಂದುತ್ತದೆ.

ಮೊದಲು ಕೇಳಿ, ಆಮೇಲೆ ಅಗೆಯಿರಿ

ಆಡಳಿತದವರು ಕೇಳುವುದು ಹೂದೋಟ. ಒಳಗಿರುವವರನ್ನು ವಿಚಾರಿಸಿದರೆ ಉತ್ತರ ಬೇರೆಯೇ. ನಮ್ಮಲ್ಲಿ ಒಬ್ಬರಿಗೆ ಬೇಕಾದ್ದು ಬಸಳೆ ಚಪ್ಪರ. ಇನ್ನೊಬ್ಬರಿಗೆ ವೀಳ್ಯದ ಬಳ್ಳಿ, ಯಾಕೆಂದರೆ ಅಂಗಡಿಯ ಎಲೆ ಒಗ್ಗುವುದಿಲ್ಲ. ಇಬ್ಬರು ಅಜ್ಜಿಯರಿಗೆ ಮಲ್ಲಿಗೆ. ಒಬ್ಬ ಅಮ್ಮ ಮದರಂಗಿ ಗಿಡ ಕೇಳಿದರು. ಇನ್ನೊಬ್ಬರಿಗೆ ಮಾತೆಯ ಮೂರ್ತಿಯ ಮುಂದಿಡಲು ಗುಲಾಬಿ. ತುಳಸಿ ಬೇಕೆಂದವರು ಹಲವರು. ಹುಲ್ಲುಹಾಸು ಕೇಳಿದವರು ಒಬ್ಬರೂ ಇಲ್ಲ.

ಹೀಗೆ ಕೇಳುವಾಗ ಪ್ರತಿಯೊಬ್ಬರ ಬಗ್ಗೆ ಮೂರು ವಿಷಯ ಬರೆದಿಟ್ಟುಕೊಳ್ಳಿ. ನಡೆಯುವುದು ಹೇಗೆ: ಸ್ವತಃ, ಕೋಲು ಹಿಡಿದು, ವಾಕರಿನಲ್ಲಿ ಅಥವಾ ಗಾಲಿಕುರ್ಚಿಯಲ್ಲಿ? ಕಣ್ಣು, ಕೈ ಹೇಗಿದೆ? ಮರೆವು ಉಂಟಾ? ಈ ಪಟ್ಟಿಯೇ ನಿಮ್ಮ ನಕ್ಷೆ. ದಾರಿ ಎಷ್ಟಗಲ, ಮಡಿ ಎಷ್ಟೆತ್ತರ, ಬೇಲಿ ಎಲ್ಲಿ ಎಂಬುದೆಲ್ಲ ಇದರಿಂದಲೇ ಹೊರಡುತ್ತದೆ.

ಏನೂ ಮಾಡಲು ಇಷ್ಟವಿಲ್ಲ ಎನ್ನುವವರೂ ಇರುತ್ತಾರೆ. ಸುಮ್ಮನೆ ಕೂತು ನೋಡುವುದು ಅವರ ಹಕ್ಕು. ಅವರನ್ನು ಕೆಲಸಕ್ಕೆ ಎಬ್ಬಿಸಬಾರದು. ತೋಟ ಅವರ ಸಂತೋಷಕ್ಕೇ ಹೊರತು ಆಶ್ರಮದ ತರಕಾರಿ ಖರ್ಚು ಉಳಿಸಲಿಕ್ಕಲ್ಲ.

ಇದಕ್ಕೆ ಆಧಾರ ಉಂಟಾ?

ಗಿಡ ನೋಡಿದರೆ ಮನಸ್ಸಿಗೆ ಹಿತ ಎಂದು ನಾವೆಲ್ಲ ಹೇಳುತ್ತೇವೆ. ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ರೋಜರ್ ಉಲ್ರಿಚ್ ಎಂಬವರು 1984ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಶನ್ ಆದ 46 ಮಂದಿಯ ದಾಖಲೆ ತೆಗೆದು ಜೋಡಿ ಜೋಡಿಯಾಗಿ ಹೋಲಿಸಿದರು. ಅರ್ಧದಷ್ಟು ಮಂದಿಗೆ ಕಿಟಿಕಿಯಲ್ಲಿ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಸುಮಾರು 8 ದಿನದಲ್ಲಿ ಮನೆಗೆ ಹೋದರು, ಗೋಡೆ ಕಂಡವರು ಸುಮಾರು 8.7 ದಿನಕ್ಕೆ. ಮರ ಕಂಡವರಿಗೆ ಬಲವಾದ ನೋವಿನ ಮದ್ದೂ ಕಡಿಮೆ ಸಾಕಾಯಿತು.

ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬಿಬ್ಬರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ವೃದ್ಧರ ಆರೈಕೆ ಮನೆಯಲ್ಲಿ ಪ್ರಯೋಗ ನಡೆಸಿ 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯವರಿಗೆ, ನಿಮ್ಮ ದಿನಚರಿ ನಿಮ್ಮದೇ ತೀರ್ಮಾನ, ಬೇಕಾದ ಗಿಡ ಆರಿಸಿಕೊಳ್ಳಿ, ನೀರು ನೀವೇ ಹಾಕಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ನರ್ಸುಗಳೇ ಹಾಕುತ್ತಾರೆ, ನಿಮ್ಮನ್ನು ನೋಡಿಕೊಳ್ಳುವ ಹೊಣೆ ನಮ್ಮದು ಎಂದರು. ಮೂರು ವಾರದಲ್ಲೇ ಮೊದಲ ಗುಂಪಿನವರು ಹೆಚ್ಚು ಚುರುಕಾದರು. ಒಂದೂವರೆ ವರ್ಷದ ನಂತರ ಮೊದಲ ಗುಂಪಿನ 47ರಲ್ಲಿ 7 ಮಂದಿ, ಎರಡನೆಯದರ 44ರಲ್ಲಿ 13 ಮಂದಿ ತೀರಿಹೋಗಿದ್ದರು. ಈ ಸಾವಿನ ಅಂಕಿಗಳ ಗಣಿತದಲ್ಲಿ ತಪ್ಪಿತ್ತೆಂದು ಅವರೇ ನಂತರ ತಿದ್ದುಪಡಿ ಹಾಕಿದರು. ಗುಂಪು ಸಣ್ಣದು, ಗಿಡವಲ್ಲದೆ ಬೇರೆ ಆಯ್ಕೆಗಳನ್ನೂ ಕೊಟ್ಟಿದ್ದರು. ಹಾಗಾಗಿ ಗಿಡ ನೆಟ್ಟರೆ ಆಯುಸ್ಸು ಹೆಚ್ಚುತ್ತದೆ ಎಂದು ಹೇಳಿಕೊಂಡು ತಿರುಗುವುದು ಬೇಡ. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಒಂದೇ: ಗಿಡ ಎರಡೂ ಕಡೆ ಇತ್ತು. ವ್ಯತ್ಯಾಸ ಇದ್ದದ್ದು ಅದು ಯಾರ ಗಿಡ ಎಂಬುದರಲ್ಲಿ.

ದಾರಿಯಲ್ಲೇ ಅರ್ಧ ಕೆಲಸ

ವಯಸ್ಸಾದವರು ಬಿದ್ದರೆ ಸೊಂಟದ ಎಲುಬು ಮುರಿಯಬಹುದು. ಕೆಲವರು ಮತ್ತೆ ಏಳುವುದೇ ಇಲ್ಲ. ಆದ್ದರಿಂದ ಬಜೆಟ್ಟಿನಲ್ಲಿ ಮೊದಲ ಪಾಲು ದಾರಿಗೆ. ಗಿಡಕ್ಕೆ ಉಳಿದದ್ದು ಸಾಕು. ಗಿಡ ನಾವು ಪುಕ್ಕಟೆ ಕೊಡಬಹುದಲ್ಲ.

ಅಗಲ: ಕನಿಷ್ಠ 4 ಅಡಿ. ಎರಡು ಗಾಲಿಕುರ್ಚಿ ಎದುರುಬದುರಾಗುವಲ್ಲಿ 6 ಅಡಿ.

ಇಳಿಜಾರು: ಮೆಟ್ಟಿಲು ಬೇಡ. ಒಂದು ಅಡಿ ಎತ್ತರ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ನೂಕುವವರಿಗೂ ಕಷ್ಟ, ಕೂತವರಿಗೂ ಭಯ. ಇಳಿಜಾರಿನ ಎರಡೂ ಬದಿಗೆ ಎರಡು ಸಾಲು ಕೈಹಿಡಿ, ನೆಲದಿಂದ ಎರಡೂವರೆ ಅಡಿಗೊಂದು, ಮೂರು ಅಡಿಗೊಂದು. ಕಬ್ಬಿಣ ಬಿಸಿಲಿಗೆ ಕಾಯುತ್ತದೆ, ತುಕ್ಕೂ ಹಿಡಿಯುತ್ತದೆ. ನಯ ಮಾಡಿದ ಬಲಿತ ಅಡಿಕೆ ಸಲಾಕೆ ಕೈಗೆ ಹಿತ. ಸಿಬಿರು ಏಳದಂತೆ ಉಜ್ಜಬೇಕು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಅಷ್ಟೆ.

ಮೇಲ್ಮೈ: ನುಣುಪು ಟೈಲ್ಸ್ ಬೇಡ, ಜಲ್ಲಿ ಬೇಡ, ಮರಳೂ ಬೇಡ. ಕಾಂಕ್ರೀಟು ಹಾಕಿ, ಹಸಿ ಇರುವಾಗಲೇ ಕಡ್ಡಿಹಿಡಿಯಿಂದ ಅಡ್ಡಗೆರೆ ಎಳೆಯಿರಿ. ಕಾಲಿಗೆ ಹಿಡಿತ ಸಿಗುತ್ತದೆ. ನೀರು ನಿಲ್ಲದಂತೆ ಒಂದು ಬದಿಗೆ ಸ್ವಲ್ಪವೇ ಓರೆ: 4 ಅಡಿ ಅಗಲಕ್ಕೆ ಒಂದು ಇಂಚು ಸಾಕು. ಅಂಚಿಗೆ ಎರಡಿಂಚು ಎತ್ತರದ ಕಟ್ಟೆ ಕಟ್ಟಿ ಸುಣ್ಣ ಬಳಿದರೆ ಕೋಲೂ ಜಾರುವುದಿಲ್ಲ, ಮಂದ ಕಣ್ಣಿಗೂ ಗಡಿ ಕಾಣುತ್ತದೆ. ಕಟ್ಟೆಯಲ್ಲಿ ಅಲ್ಲಲ್ಲಿ ನೀರು ಹೋಗಲು ತೂತು ಬಿಡಿ.

ಪಾಚಿ: ಕರಾವಳಿ, ಮಲೆನಾಡಿನಲ್ಲಿ ಇದೇ ದೊಡ್ಡ ಶತ್ರು. ದಾರಿಗೆ ಗಾಳಿ ಬೆಳಕು ಬೀಳುವಂತೆ ಗೆಲ್ಲು ಸವರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆಯಬೇಕು. ಈ ಕೆಲಸ ಮಾಡುವ ಜನ ಯಾರು ಎಂಬುದನ್ನು ತೋಟ ಮಾಡುವ ಮೊದಲೇ ಗಟ್ಟಿಮಾಡಿಕೊಳ್ಳಿ.

ಮೇಲೆ ನೋಡಿ: ತೆಂಗಿನ ಮರದ ಅಡಿಯಲ್ಲಿ ದಾರಿಯೂ ಬೇಡ, ಬೆಂಚೂ ಬೇಡ. ಹಲಸಿಗೂ ಅದೇ ಮಾತು. ನೇರಳೆ, ಮಾವಿನ ಹಣ್ಣು ದಾರಿಗೆ ಬಿದ್ದರೆ ಜಾರುತ್ತದೆ, ನೊಣ ಬರುತ್ತದೆ. ಕೃಷಿಕರಿಗೆ ಇದು ಹೇಳಬೇಕಾಗಿಲ್ಲ. ಆದರೆ ಪೇಟೆಯಲ್ಲಿ ಕೂತು ನಕ್ಷೆ ಮಾಡುವವರಿಗೆ ಇದು ಹೊಳೆಯುವುದಿಲ್ಲ.

ಕೂರುವ ಜಾಗ

ಪ್ರತಿ 25-30 ಅಡಿಗೆ ಒಂದು ಆಸನ ಇರಲಿ. ಮುಂದಿನ ಬೆಂಚು ಕಣ್ಣಿಗೆ ಕಂಡರೆ ಮಾತ್ರ ಮುದುಕರು ಧೈರ್ಯ ಮಾಡಿ ಹೊರಡುತ್ತಾರೆ. ಎತ್ತರ 18 ಇಂಚು. ಅದಕ್ಕಿಂತ ತಗ್ಗಾದರೆ ಏಳುವುದು ಕಷ್ಟ. ಬೆನ್ನಿಗೆ ಒರಗು, ಎರಡೂ ಬದಿಗೆ ಕೈ ಬೇಕೇ ಬೇಕು. ಏಳುವಾಗ ಭಾರ ಹಾಕುವುದು ಅದರ ಮೇಲೆಯೇ. ಸಿಮೆಂಟಿಗಿಂತ ಮರದ ಹಲಗೆ ಒಳ್ಳೆಯದು. ಬೆಂಚಿನ ಪಕ್ಕ ಗಾಲಿಕುರ್ಚಿ ನಿಲ್ಲಲು 3 ಅಡಿ ಖಾಲಿ ಬಿಡಿ, ಇಲ್ಲವಾದರೆ ಅದರಲ್ಲಿ ಕೂತವರು ಮಾತಿನಿಂದ ಹೊರಗುಳಿಯುತ್ತಾರೆ. ಬೆಂಚುಗಳನ್ನು ಒಂದೇ ಸಾಲಿನಲ್ಲಿ ಬಸ್ ನಿಲ್ದಾಣದಂತೆ ಹಾಕುವ ಬದಲು ಒಂದಕ್ಕೊಂದು ಓರೆಯಾಗಿ ಇಟ್ಟರೆ ಮುಖ ನೋಡಿ ಮಾತಾಡಬಹುದು. ಕಿವಿ ಮಂದವಾದವರಿಗೆ ತುಟಿ ಕಾಣಬೇಕು.

ಎದ್ದ ಕೂಡಲೇ ತಲೆ ತಿರುಗುವವರು ಹಲವರಿದ್ದಾರೆ. ಎದ್ದು ಒಂದು ಕ್ಷಣ ಬೆಂಚಿನ ಕೈ ಹಿಡಿದು ನಿಂತು ಆಮೇಲೆ ಹೆಜ್ಜೆ ಹಾಕಲಿ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಕೂರುವಲ್ಲಿ ನೀರಿನ ಹೂಜಿ ಇಡಿ. ಬೆಳಗ್ಗೆ 9ರ ಒಳಗೆ, ಸಂಜೆ 4.30ರ ನಂತರ ತೋಟದ ಹೊತ್ತು. ಮಾರ್ಚಿನಿಂದ ಮೇವರೆಗೆ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಮಡಿಯನ್ನು ಮೇಲೆತ್ತಿ

ಬೆನ್ನು ಬಗ್ಗದಿದ್ದರೆ ನೆಲವನ್ನೇ ಮೇಲೆ ತರಬೇಕು. ನಮ್ಮಲ್ಲಿ ಕೆಂಪುಕಲ್ಲು ಇರುವಾಗ ಇದೇನೂ ದೊಡ್ಡದಲ್ಲ. ನಾನು ಕಟ್ಟಿಸಿದ ಮಡಿ ಹೊರ ಅಳತೆಯಲ್ಲಿ 8 ಅಡಿ ಉದ್ದ, 3 ಅಡಿ ಅಗಲ, ಎರಡೂಕಾಲು ಅಡಿ ಎತ್ತರ. 14 ಇಂಚು ಉದ್ದ, 9 ಇಂಚು ಎತ್ತರ ಬರುವಂತೆ ಕಲ್ಲಿಟ್ಟರೆ ಮೂರು ವರಿಸೆ. ಒಂದು ಮಡಿಗೆ ಸುಮಾರು 50 ಕಲ್ಲು. ಎರಡೂ ಬದಿಯಿಂದ ಕೈ ಹಾಕಬಹುದಾದ್ದರಿಂದ ಯಾರೂ ಒಂದೂವರೆ ಅಡಿಗಿಂತ ಮುಂದೆ ಚಾಚಬೇಕಾಗಿಲ್ಲ. ಗೋಡೆಗೆ ತಾಗಿಸಿ ಕಟ್ಟುವುದಾದರೆ ಅಗಲ 2 ಅಡಿಗೆ ನಿಲ್ಲಿಸಿ. ನಿಂತು ಕೆಲಸ ಮಾಡುವವರಿಗೆ ಇನ್ನೂ ಅರ್ಧ ಅಡಿ ಎತ್ತರವಾದರೂ ಆದೀತು. ಎರಡು ಎತ್ತರದವು ಇದ್ದರೆ ಅವರವರಿಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ.

ಪೂರ್ತಿ ಮಣ್ಣು ತುಂಬುವುದು ದಂಡ. ಕೆಳಗಿನ ಅರ್ಧಕ್ಕೆ ತೆಂಗಿನ ಸಿಪ್ಪೆಯನ್ನು ಹೊಟ್ಟೆ ಮೇಲಾಗಿ ಜೋಡಿಸಿ, ನಡುವೆ ಸೋಗೆ, ತರಗೆಲೆ ತುರುಕಿ. ಮೇಲಿನ ಒಂದಡಿಗೆ ಮಣ್ಣು, ಮರಳು, ಹಟ್ಟಿಗೊಬ್ಬರದ ಮಿಶ್ರಣ. ಒಂದು ಮಡಿಗೆ ಸುಮಾರು 15 ಘನ ಅಡಿ ಮಣ್ಣು ಸಾಕು. ಅಡಿವರಿಸೆಯಲ್ಲಿ ನೀರು ಬಸಿಯಲು ನಾಲ್ಕು ತೂತು ಬಿಡಿ. ಸಿಪ್ಪೆ ಕೊಳೆತಂತೆ ಮಣ್ಣು ತಗ್ಗುತ್ತದೆ, ವರ್ಷಕ್ಕೊಮ್ಮೆ ನಾಲ್ಕು ಬುಟ್ಟಿ ಗೊಬ್ಬರ ಮೇಲೆ ಹಾಕಿದರಾಯಿತು. ಒಂದು ಬದಿಯ ಕಲ್ಲಿನ ಮೇಲಂಚನ್ನು ನುಣ್ಣಗೆ ಗಾರೆ ಮಾಡಿ ಬಿಟ್ಟರೆ ಮೈಯೊರಗಿ ನಿಲ್ಲಲು ಅನುಕೂಲ. ಒರಟು ಕಲ್ಲಿಗೆ ತಾಗಿದರೆ ಮುದಿ ಚರ್ಮ ಬೇಗ ಕಿತ್ತುಬರುತ್ತದೆ.

ಗಾಲಿಕುರ್ಚಿಯಲ್ಲಿರುವವರಿಗೆ ಈ ಕಟ್ಟೆ ಮಡಿ ಅಷ್ಟು ಸರಿಯಾಗದು. ಮೊಣಕಾಲು ಗೋಡೆಗೆ ತಾಗುತ್ತದೆ, ಪಕ್ಕಕ್ಕೆ ತಿರುಗಿ ಕೆಲಸ ಮಾಡಬೇಕು. ಅವರಿಗೆ 'ಮೇಜು ಮಡಿ'. ನಾಲ್ಕು ಕಾಲಿನ ಮೇಲೆ ತಗಡು ಅಥವಾ ಹಲಗೆಯ ತೊಟ್ಟಿ. ಅಡಿಯಲ್ಲಿ ಮೊಣಕಾಲು ಹೋಗಲು 27 ಇಂಚು ಖಾಲಿ, ತೊಟ್ಟಿಯಲ್ಲಿ 6 ಇಂಚು ಮಣ್ಣು. ಹರಿವೆ, ಕೊತ್ತಂಬರಿ, ಮೆಂತೆ, ಒಂದೆಲಗಕ್ಕೆ ಅಷ್ಟು ಆಳ ಧಾರಾಳ. ಭಾರ ಕಡಿಮೆ ಮಾಡಲು ತೊಳೆದ ತೆಂಗಿನ ನಾರಿನ ಹುಡಿ ಅರ್ಧ ಸೇರಿಸಿ.

ಸಲಕರಣೆಯ ಬಗ್ಗೆ ಎರಡು ಮಾತು. ಸಂಧಿನೋವಿನ ಕೈಗೆ ತೆಳು ಹಿಡಿ ಹಿಡಿಯಲಾಗದು. ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ. ತಿರುಗಿಸುವ ನಲ್ಲಿಗಿಂತ ಮೇಲೆ ಕೆಳಗೆ ಮಾಡುವ ಸನ್ನೆ ನಲ್ಲಿ ಒಳ್ಳೆಯದು, ನೆಲದಿಂದ ಎರಡೂವರೆ ಅಡಿಯಲ್ಲಿ. ನೀರಿನ ಚೊಂಬು ಎರಡು ಲೀಟರಿಗಿಂತ ದೊಡ್ಡದು ಬೇಡ. ರಬ್ಬರ್ ಪೈಪು ದಾರಿಗೆ ಅಡ್ಡ ಬಿದ್ದಿರಲೇಬಾರದು. ಬಿಸಿಲಿಗೆ ಅಡಿಕೆ ಹಾಳೆಯ ಮುಟ್ಟಾಳೆಗಿಂತ ಹಗುರದ ಟೊಪ್ಪಿ ಬೇರೆ ಇಲ್ಲ. ನಮ್ಮಲ್ಲಿ ಅದನ್ನು ಹಾಕಿದ ಕೂಡಲೇ ಅಜ್ಜಂದಿರ ನಡಿಗೆಯೇ ಬದಲಾಗುತ್ತದೆ.

ಏನು ನೆಡಬಹುದು

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ. ನೀಲಿ, ನೇರಳೆ ಮಂಕಾಗಿ ಕಾಣುತ್ತವೆ. ಹಳದಿ, ಕಿತ್ತಳೆ, ಕೆಂಪು ಎದ್ದು ಕಾಣುತ್ತವೆ. ಗೊಂಡೆ, ದಾಸವಾಳ, ಅಬ್ಬಲಿಗೆ, ಕೇಪಳ ಇವಕ್ಕೆ ಆದ್ಯತೆ. ಮೂಗಿನ ಶಕ್ತಿಯೂ ಇಳಿಯುತ್ತದೆ, ಹಾಗಾಗಿ ಗಾಢ ಪರಿಮಳದವು ಬೇಕು: ಮಲ್ಲಿಗೆ, ಸಂಪಿಗೆ, ಪಾರಿಜಾತ, ತುಳಸಿ, ದವನ, ದೊಡ್ಡಪತ್ರೆ. ಬಕುಲದ ಹೂ ಒಣಗಿದರೂ ಪರಿಮಳ ಬಿಡುವುದಿಲ್ಲ, ಹೆಕ್ಕಿ ತಲೆದಿಂಬಿನ ಬಳಿ ಇಟ್ಟುಕೊಳ್ಳಬಹುದು. ಎಲೆ ಉಜ್ಜಿ ಮೂಸುವ ಗಿಡಗಳನ್ನು ಕೈಗೆಟಕುವ ಎತ್ತರದಲ್ಲಿ, ದಾರಿಯ ಅಂಚಿಗೆ ಇಡಿ.

ತರಕಾರಿಯಲ್ಲಿ ಬೇಗ ಫಲ ತೋರಿಸುವವು ಒಳ್ಳೆಯದು. ಹರಿವೆ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಬಸಳೆಯ ಬಳ್ಳಿ ತುಂಡು ಊರಿದರೆ ಸಾಕು. ಸಾಮಾನ್ಯ ಚಪ್ಪರದ ಬದಲು ನೆಟ್ಟಗೆ ಏಣಿಯಂತೆ ಹಬ್ಬಿಸಿದರೆ ಎದೆಮಟ್ಟದಲ್ಲೇ ಚಿವುಟಬಹುದು. ಅಲಸಂಡೆ, ಬೆಂಡೆ, ಹೀರೆಯ ಬೀಜ ದೊಡ್ಡದು, ನಡುಗುವ ಬೆರಳಿಗೂ ಸಿಗುತ್ತದೆ. ಹರಿವೆಯಂಥ ಸಣ್ಣ ಬೀಜವನ್ನು ಮರಳಿನಲ್ಲಿ ಬೆರೆಸಿ ಕೊಡಿ. ಬಾಳೆ, ಪಪ್ಪಾಯಿ ಹಿಂಬದಿಗೆ ಇರಲಿ. ಹಕ್ಕಿ, ಅಳಿಲು ಬರುತ್ತವೆ, ನೋಡುವವರಿಗೆ ದಿನ ಹೋಗುತ್ತದೆ.

ಜೇನು ಸಾಕುವವರು ಒಂದು ಮುಜಂಟಿ ಗೂಡು ಕೊಡಬಹುದು. ಚುಚ್ಚುವುದಿಲ್ಲವಾದ್ದರಿಂದ ಪಕ್ಕದಲ್ಲೇ ಕೂತು ನೋಡಬಹುದು.

ಹಾಸಿಗೆ ಹಿಡಿದವರನ್ನು ಮರೆಯಬೇಡಿ. ಅವರ ದಿಂಬಿನ ಮೇಲೆ ನೀವೇ ತಲೆಯಿಟ್ಟು ಮಲಗಿ ನೋಡಿ, ಕಿಟಿಕಿಯಲ್ಲಿ ಏನು ಕಾಣುತ್ತದೆಂದು. ಬರೀ ಗೋಡೆ ಮತ್ತು ಆಕಾಶ ಕಾಣುವುದಾದರೆ, ಆ ರೇಖೆಗೆ ಸರಿಯಾಗಿ ಒಂದು ಸಂಪಿಗೆಯೋ ಕದಳಿ ಬಾಳೆಯೋ ನೆಡಿ. ಅವರ ತೋಟ ಅದು.

ಏನು ನೆಡಬಾರದು

ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿ. ಮರೆವಿನ ಕಾಯಿಲೆಯವರು ಕೈಗೆ ಸಿಕ್ಕಿದ್ದನ್ನು ಬಾಯಿಗಿಡಬಹುದು. ಬೇಲಿಗೆ, ಪೂಜೆಗೆ ಎಂದು ನಾವು ಧಾರಾಳವಾಗಿ ನೆಡುವ ಕೆಂಪು ಕಣಗಿಲೆ, ಹಳದಿ ಕಣಗಿಲೆ ಎರಡೂ ಹೃದಯಕ್ಕೆ ನೇರ ವಿಷ. ಉಮ್ಮತ್ತ, ಹರಳು, ಕಾಡುಹರಳು, ಗುಲಗಂಜಿ ಬೇಡ. ಪೇಟೆಯ ನರ್ಸರಿಯವರು ಚಟ್ಟಿಯಲ್ಲಿ ಕೊಡುವ ಚುಕ್ಕೆ ಎಲೆಯ ಡೀಫೆನ್‌ಬೇಕಿಯಾ ಜಗಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತದೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮುಳ್ಳಿನ ಗುಲಾಬಿ ದಾರಿಯಿಂದ ದೂರವಿರಲಿ. ಸಕ್ಕರೆ ಕಾಯಿಲೆಯವರಿಗೆ ಸಣ್ಣ ಗಾಯವೂ ದೊಡ್ಡದಾಗುತ್ತದೆ, ಕಾಲಿಗೆ ಮುಳ್ಳು ಚುಚ್ಚಿದ್ದೇ ಗೊತ್ತಾಗದಿರಬಹುದು. ಬರಿಗಾಲಲ್ಲಿ ಯಾರೂ ಇಳಿಯಬಾರದು. ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು.

ನಮ್ಮ ಅಡಿಗೆಗೆ ಪ್ರಿಯವಾದ ಎರಡು ಹುಳಿಗಳ ಬಗ್ಗೆಯೂ ಹೇಳಬೇಕು. ಕರಂಬಳ, ಅಂದರೆ ಧಾರೆಹುಳಿ ಮೂತ್ರಪಿಂಡ ಸೋತವರಿಗೆ ವಿಷಕ್ಕೆ ಸಮ. ಬಿಕ್ಕಳಿಕೆ, ಗಲಿಬಿಲಿ, ಅಪಸ್ಮಾರದವರೆಗೆ ಹೋಗಿ ಜೀವವೇ ಹೋದದ್ದುಂಟು. ಬಿಂಬುಳಿಯ ರಸವನ್ನು ಹೆಚ್ಚು ಕುಡಿದು ಮೂತ್ರಪಿಂಡ ಕೆಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಆಶ್ರಮದ ಅಂಗಳದಲ್ಲಿ ಇವೆರಡೂ ಬೇಡ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತಿನ್ನುವವರಿದ್ದರೆ, ಬೆಳೆ ಬಂದಿತೆಂದು ಒಮ್ಮೆಲೇ ಸೊಪ್ಪು ಹೆಚ್ಚಿಸಬಾರದು. ದಿನಕ್ಕಿಷ್ಟು ಎಂದು ಒಂದೇ ಪ್ರಮಾಣದಲ್ಲಿರಬೇಕು. ವೈದ್ಯರನ್ನು ಕೇಳಿ.

ಸಿಂಪಡಣೆ ಬೇಡವೇ ಬೇಡ. ಕೀಟನಾಶಕದ ಡಬ್ಬಿ ಆ ಕಂಪೌಂಡಿನೊಳಗೆ ಹೋಗಲೇಬಾರದು. ಹುಳ ಬಿದ್ದ ಎಲೆ ಚಿವುಟಿ ತೆಗೆಯಲು ಅಲ್ಲಿ ಬೇಕಾದಷ್ಟು ಕೈಗಳಿವೆ, ಬೇಕಾದಷ್ಟು ಹೊತ್ತೂ ಇದೆ. ಚಟ್ಟಿಯ ತಟ್ಟೆಯಲ್ಲಿ, ಗೆರಟೆಯಲ್ಲಿ ನೀರು ನಿಂತರೆ ಡೆಂಗೆಯ ಸೊಳ್ಳೆ. ವಾರಕ್ಕೊಮ್ಮೆ ಚೆಲ್ಲಿ. ಇಲಿ ಓಡಾಡುವ ಕೆಸರಿನಲ್ಲಿ ಕೈಕಾಲು ಇಟ್ಟರೆ ಇಲಿಜ್ವರದ ಭಯ. ಪೊದೆ ಬೆಳೆಯಲು ಬಿಡದಿದ್ದರೆ ಇಲಿಯೂ ಕಡಿಮೆ, ಅದರ ಹಿಂದೆ ಬರುವ ಹಾವೂ ಕಡಿಮೆ.

ಮರೆವಿನವರಿಗೆ ಬೇರೆ ಲೆಕ್ಕ

ಸಂಜೆಯಾದರೆ ಕೆಲವರಿಗೆ ತಳಮಳ ಶುರುವಾಗುತ್ತದೆ. ಹಸು ಬಂತೋ ನೋಡಬೇಕು, ತೋಟಕ್ಕೆ ನೀರು ತಿರುಗಿಸಬೇಕು ಎಂದು ಹೊರಡುತ್ತಾರೆ. ನಮ್ಮಲ್ಲಿ ಒಬ್ಬ ಹಿರಿಯರು ಹೀಗೆ ಎರಡು ಸಲ ಮುಖ್ಯರಸ್ತೆಗೆ ತಲುಪಿದ್ದರು. ಅವರ ತೋಟ ಮಾರಾಟವಾಗಿ ಒಂಬತ್ತು ವರ್ಷವಾಗಿತ್ತು. ಇದು ಹಟವಲ್ಲ, ಕಾಯಿಲೆ. ಬೈದರೂ ತಿಳಿಸಿ ಹೇಳಿದರೂ ಪ್ರಯೋಜನವಿಲ್ಲ. ನಡೆಯಲು ಜಾಗ ಕೊಡಬೇಕು.

ಇದಕ್ಕೆ ಉಪಾಯ, ಸುತ್ತು ದಾರಿ. ಬಾಗಿಲಿನಿಂದ ಹೊರಟರೆ ತೋಟ ಸುತ್ತಿ ಅದೇ ಬಾಗಿಲಿಗೆ ಬರುವಂತೆ. ಎಲ್ಲಿಯೂ ಕೊನೆ ಮುಚ್ಚಿಕೊಂಡ ದಾರಿ ಇರಬಾರದು. ಮುಂದೆ ದಾರಿ ಇಲ್ಲದಿದ್ದರೆ ಅಲ್ಲೇ ನಿಂತು ಗಾಬರಿಯಾಗುತ್ತಾರೆ. ಗೇಟು ಕಣ್ಣಿಗೆ ಬೀಳದಂತೆ ಬೇಲಿಯ ಬಣ್ಣವೇ ಬಳಿದು ಬಳ್ಳಿ ಹಬ್ಬಿಸಿ. ಬಾಗಿಲ ಬಳಿ ದೂರಕ್ಕೆ ಕಾಣುವ ಗುರುತು ಇರಲಿ, ನಮ್ಮಲ್ಲಿ ತುಳಸಿಕಟ್ಟೆ ಉಂಟು. ದಾರಿಯ ಬಣ್ಣ ಉದ್ದಕ್ಕೂ ಒಂದೇ ಇರಬೇಕು. ನಡುವೆ ಕಪ್ಪು ಪಟ್ಟಿ ಬಂದರೆ ಅವರಿಗೆ ಅದು ಗುಂಡಿಯಂತೆ ಕಾಣುತ್ತದೆ, ಹೊಳೆಯುವ ನೆಲ ನೀರಿನಂತೆ ಕಾಣುತ್ತದೆ. ಕಂಬಗಳ ಅಡ್ಡ ನೆರಳೂ ಅಷ್ಟೇ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ 2002ರಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಒಂದು ಸಾರ್ವಜನಿಕ ಉದ್ಯಾನ ತೆರೆದರು. ಅಲ್ಲಿಯೂ ಇದೇ ಸೂತ್ರ: ಸುತ್ತಿ ಬರುವ ದಾರಿ, ಏರಿಸಿದ ಮಡಿ, ಹಳೆ ನೆನಪು ಕೆದಕುವ ಹೂಗಳು. ಅವರಿಗೆ ನೆನಪು ತರುವ ಹೂ ಅವರ ಊರಿನದು. ನಮ್ಮವರಿಗೆ ಒಂದು ಅಡಿಕೆ ಗಿಡ, ಕಾಳುಮೆಣಸಿನ ಬಳ್ಳಿ, ಗೇರು ಸಾಕು. ನಾನು ಸುತ್ತು ದಾರಿಯ ಬದಿಗೆ ಪೊದೆಮೆಣಸು ನೆಟ್ಟಿದ್ದೇನೆ. ಊಟ ಮಾಡಿದ್ದು ನೆನಪಿಲ್ಲದವರು ಕರೆಯನ್ನು ಬೆರಳಲ್ಲಿ ಹಿಡಿದು ನೋಡಿ, ಇನ್ನೂ ಒಂದು ತಿಂಗಳು ಹೋಗಲಿ ಎಂದು ಸರಿಯಾಗಿ ಹೇಳುತ್ತಾರೆ.

ಮಳೆಗಾಲದ ನಾಲ್ಕು ತಿಂಗಳು

ಜೂನಿನಿಂದ ಸಪ್ಟೆಂಬರಿನವರೆಗೆ ತೋಟಕ್ಕೆ ಇಳಿಸುವುದು ಅಪಾಯ. ಆಗ ತೋಟವೇ ಜಗಲಿಗೆ ಬರಬೇಕು. 3 ಅಡಿ ಮೇಜು, ಮೇಲೆ ಗೋಣಿ ಹಾಸಿ. ಬೀಜ ಹೆಕ್ಕುವುದು, ಪೊಟ್ಟಣ ಕಟ್ಟುವುದು, ಪಾಲಿಥಿನ್ ತೊಟ್ಟೆಗೆ ಮಣ್ಣು ತುಂಬುವುದು, ಕಾಳುಮೆಣಸಿನ ಕುಡಿ ನೆಡುವುದು. ಇವೆಲ್ಲ ಕೂತು ಮಾಡುವ ಕೆಲಸ. ಒಣ ಗೊಬ್ಬರದ ಹುಡಿ ಮೂಗಿಗೆ ಹೋಗದಂತೆ ಮಣ್ಣನ್ನು ನೀರು ಚಿಮುಕಿಸಿ ಕೊಡಿ.

ಮಳೆ ಬಿಟ್ಟ ಮೇಲೆ ಮಲ್ಲಿಗೆಯ ಸರದಿ. ಕರಾವಳಿಯ ಅಜ್ಜಿಯರಿಗೆ ಬಾಳೆನಾರು ಕೊಟ್ಟರೆ ಕಣ್ಣು ಕಾಣದಿದ್ದರೂ ಬೆರಳು ತನ್ನಷ್ಟಕ್ಕೆ ಕಟ್ಟುತ್ತದೆ. ಕಟ್ಟಿದ್ದನ್ನು ಮೊದಲು ಅವರ ತಲೆಗೆ, ಉಳಿದರೆ ದೇವರಿಗೆ ಎಂದು ನಮ್ಮಲ್ಲಿ ಅವರೇ ನಿಯಮ ಮಾಡಿದ್ದಾರೆ.

ಬೀಗದ ಕತೆ

ಎಲ್ಲ ಮಾಡಿದ ಮೇಲೂ ತೋಟ ಸೋಲುವುದು ಒಂದೇ ಕಾರಣಕ್ಕೆ. ಯಾರಾದರೂ ಬಿದ್ದಾರು ಎಂದು ಆಡಳಿತದವರು ತೋಟದ ಬಾಗಿಲಿಗೆ ಬೀಗ ಹಾಕುತ್ತಾರೆ. ಅವರ ಭಯ ಸುಳ್ಳಲ್ಲ. ರಾತ್ರಿ ಪಾಳಿಗೆ ಇಬ್ಬರು, ನೋಡಿಕೊಳ್ಳಬೇಕಾದವರು ನಲವತ್ತು. ಯಾರಾದರೂ ಬಿದ್ದರೆ ಮಕ್ಕಳು ಬಂದು ಜಗಳವಾಡುವುದು ಇವರಲ್ಲೇ. ಆದರೆ ದಿನವಿಡೀ ಕೂತವರ ಕಾಲು ಇನ್ನಷ್ಟು ಸೋಲುತ್ತದೆ, ಕೊನೆಗೆ ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ಬೀಗ ಅಪಾಯವನ್ನು ತಪ್ಪಿಸುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ.

ನಮ್ಮಲ್ಲಿ ಇದಕ್ಕೆ ಕಂಡುಕೊಂಡ ದಾರಿ ಹೀಗೆ. ಸುತ್ತು ದಾರಿ ಪೂರ್ತಿ ಅಡಿಗೆ ಕೋಣೆಯ ಕಿಟಿಕಿಯಿಂದ ಕಾಣುವಂತೆ ಮಾಡಿದ್ದೇವೆ, ನಡುವೆ ಎತ್ತರದ ಗಿಡ ಇಲ್ಲ. ಬೆಳಗ್ಗೆ ಎರಡು ಗಂಟೆ, ಸಂಜೆ ಒಂದೂವರೆ ಗಂಟೆ ಬಾಗಿಲು ತೆರೆದೇ ಇರುತ್ತದೆ, ಆ ಹೊತ್ತಿಗೆ ಒಬ್ಬರು ಹೊರಗಿರುತ್ತಾರೆ. ಬೆಂಚುಗಳ ಬಳಿ ಎಳೆದರೆ ಬಾರಿಸುವ ಗಂಟೆ ಕಟ್ಟಿದ್ದೇವೆ. ಮನೆಯವರಿಗೆ ಸೇರಿಸುವಾಗಲೇ, ನಿಮ್ಮ ತಂದೆ ತೋಟಕ್ಕೆ ಇಳಿಯುತ್ತಾರೆ, ಒಪ್ಪಿಗೆಯಾ ಎಂದು ಕೇಳುತ್ತಾರೆ. ಬೇಡ ಎಂದವರು ಬಹಳ ಕಡಿಮೆ.

ನಮ್ಮಿಂದಾಗುವುದು

ನೆದರ್‌ಲ್ಯಾಂಡಿನಲ್ಲಿ ಕೃಷಿಕರೇ ತಮ್ಮ ಜಾಗದಲ್ಲಿ ಹಿರಿಯರನ್ನು, ಅದರಲ್ಲೂ ಮರೆವಿನವರನ್ನು ಹಗಲು ಹೊತ್ತು ನೋಡಿಕೊಳ್ಳುವ 'ಆರೈಕೆ ಹೊಲ'ಗಳು ಸಾವಿರಕ್ಕೂ ಹೆಚ್ಚಿವೆ. ಕೋಳಿಗೆ ಕಾಳು ಹಾಕುವುದು, ತರಕಾರಿ ಹೆಚ್ಚುವುದು, ಅಂಗಳ ಗುಡಿಸುವುದು. ಹೀಗೆ ಬೆಳಗ್ಗೆ ಬಂದು ಸಂಜೆ ಹೋಗುತ್ತಾರೆ. ಅದಕ್ಕೆ ಅಲ್ಲಿ ಆರೋಗ್ಯ ವ್ಯವಸ್ಥೆಯಿಂದ ಹಣ ಬರುತ್ತದೆ, ಕೃಷಿಕನಿಗೂ ಒಂದು ಆದಾಯ. ನಮ್ಮಲ್ಲಿ ಅಂಥ ಏರ್ಪಾಡು ಕೂಡಲೇ ಆಗದು. ಆದರೆ ತಿಂಗಳಿಗೊಮ್ಮೆ ಹತ್ತಿರದ ಆಶ್ರಮದ ಐದಾರು ಮಂದಿಯನ್ನು ಜೀಪಿನಲ್ಲಿ ಕರೆತಂದು ನಮ್ಮ ತೋಟದಲ್ಲಿ ಎರಡು ಗಂಟೆ ಕೂರಿಸಲು ಯಾರ ಅಪ್ಪಣೆಯೂ ದೊಡ್ಡದಾಗಿ ಬೇಕಾಗಿಲ್ಲ.

ನಿಮಗೆ ಶುರುಮಾಡುವ ಮನಸ್ಸಿದ್ದರೆ 30 ಸೆಂಟ್ಸಿನಿಂದ ಹೊರಡಬೇಡಿ. ಒಂದು ಕಟ್ಟೆ ಮಡಿ, ಅದಕ್ಕೆ ಹೋಗುವ 20 ಅಡಿ ದಾರಿ, ಕೈ ಇರುವ ಎರಡು ಬೆಂಚು, ಒಂದು ನಲ್ಲಿ. 50 ಕಲ್ಲು, ಇಬ್ಬರ ಎರಡು ದಿನದ ಕೆಲಸ, ಮೂರ್ನಾಲ್ಕು ಚೀಲ ಸಿಮೆಂಟು. ಪ್ರಾಯೋಜಕರು ಸಿಕ್ಕಿದರೆ ಅವರ ಹೆಸರಿನ ಫಲಕ ಗೇಟಿಗೆ ಹಾಕಿ, ಮಡಿಗೆ ಬೇಡ. ಮಡಿಯ ಮೇಲೆ ಅದನ್ನು ನೋಡಿಕೊಳ್ಳುವ ಅಜ್ಜಿಯ ಹೆಸರಿರಲಿ. ಒಂದು ವರ್ಷ ತಿಂಗಳಿಗೆ ಎರಡು ಸಲವಾದರೂ ನೀವೇ ಹೋಗಿ ಬರಬೇಕು. ಗಿಡ ಕೊಟ್ಟು ಫೋಟೋ ತೆಗೆಸಿ ಬಂದ ತೋಟಗಳು ಮುಂದಿನ ಬೇಸಿಗೆ ದಾಟುವುದಿಲ್ಲ.

ಮತ್ತೆ ನಮ್ಮ ನಮ್ಮ ಅಂಗಳ. ಬಚ್ಚಲ ದಾರಿಯ ಪಾಚಿ ತಿಕ್ಕುವುದು, ಮೆಟ್ಟಿಲ ಬದಿಗೆ ಒಂದು ಸಲಾಕೆ ಕಟ್ಟುವುದು, ಅಪ್ಪ ಕೂರುವ ಬೆಂಚಿಗೆ ಕೈ ಇಡಿಸುವುದು, ಅಮ್ಮನ ಸೊಂಟದ ಎತ್ತರಕ್ಕೆ ಒಂದು ಸೊಪ್ಪಿನ ಮಡಿ. ಈ ಮಳೆ ಬಿಟ್ಟ ಕೂಡಲೇ ಮಾಡಿಬಿಡಬಹುದಾದ ಕೆಲಸಗಳಿವು.